ಲ್ಯಾಪ್‌ಟಾಪಿಗೆ ಹೊರಗಿನ ಹಾರ್ಡ್ ಡಿಸ್ಕ್: ಯಾವ್ದು ತಗೊಳ್ಳಲಿ? ವಾಪರಿಸಿದವ್ರು ಹೇಳ್ರಿ

ಹಾವೇರಿ ಮಾಸ್ತರ
ಎಲ್ಲಾರಿಗೂ ನಮಸ್ಕಾರ್ರಿ. ಲ್ಯಾಪ್‌ಟಾಪ್‌ನ 256 ಜಿಬಿ ತುಂಬಿ ಕೆಂಪು ಪಟ್ಟಿ ತೋರ್ಸಾಕತ್ತೈತಿ. ಮಕ್ಕಳ ಫೋಟೊ, ನಮ್ಮಪ್ಪಾರು ಹಾಡಿದ ಭಜನಿ ಪದದ ರೆಕಾರ್ಡಿಂಗ್, ಸಾಲಿ ಕೆಲಸದ ಫೈಲು, ಫೋನಿನ್ಯಾಗಿಂದೂ ಹಿಡಿದ್ರ 300 ಜಿಬಿ ಆಗಬಹುದು. ಬಜೆಟ್ 5,000. ತಿರುಗೋ ಹಾರ್ಡ್ ಡಿಸ್ಕ್ ತಗೊಳ್ಳೋದೋ, ಚಿಪ್ಪಿನ್ಯಾಗ ಡೇಟಾ ಇಡೋ ಎಸ್‌ಎಸ್‌ಡಿನೋ? 1 ಟಿಬಿ (ಸಾವಿರ ಜಿಬಿ) ಸಾಕಾ, 2 ಬೇಕಾ? ದಿನಾ ಬಸ್ಸಿನ್ಯಾಗ ರಾಣೆಬೆನ್ನೂರಿಗೆ ಓಡಾಡ್ತೀನಿ, ಬ್ಯಾಗಿನ್ಯಾಗ ಇರ್ತೈತಿ.

ಗದಗ ಸ್ಟುಡಿಯೊ
ಹಾರ್ಡ್ ಡಿಸ್ಕಿನ ಹೆಸರು ಎತ್ತಬ್ಯಾಡ್ರಿ ಮಾಸ್ತರ. ಲಕ್ಷ್ಮೇಶ್ವರದ ಕಡೆ ಒಂದು ಮದುವಿ. ಎರಡೂ ದಿನದ ವಿಡಿಯೊ 2 ಟಿಬಿ ಡಿಸ್ಕಿಗೆ ಹಾಕಿ, ಮೆಮೊರಿ ಕಾರ್ಡ್ ಖಾಲಿ ಮಾಡ್ಕೊಂಡು ರಿಸೆಪ್ಷನ್ನಿಗೆ ತಯಾರಾಗಿದ್ವಿ. ಊಟದ ಟೇಬಲ್ ಮ್ಯಾಲೆ ಲ್ಯಾಪ್‌ಟಾಪು. ನೀರು ಹಂಚೋ ಹುಡುಗನ ಕಾಲಿಗೆ ವೈರ್ ಸಿಕ್ತು, ಡಿಸ್ಕ್ ನೆಲಕ್ಕ. ಅದೂ ತಿರುಗೋ ಹೊತ್ತಿನ್ಯಾಗ. ಡೇಟಾ ಓದಿ ಬರಿಯೋ ಹೆಡ್ಡು ತಿರುಗೋ ಪ್ಲೇಟಿನ ಮ್ಯಾಲೆ ಕೂದಲಿಗಿಂತ ಎಷ್ಟೋ ಪಟ್ಟು ಸಣ್ಣ ಅಂತರದಾಗ ತೇಲ್ತಿರ್ತೈತಿ, ಬಿದ್ದ ಮ್ಯಾಲೆ ಉಳೀತೈತೇನ್ರಿ? ಕಟ್ ಕಟ್ ಅಂತು, ಆಮ್ಯಾಲೆ ಅದೂ ಇಲ್ಲ.

ಖರ್ಚು ಕೇಳ್ರಿ. ಡಿಸ್ಕ್ 6,200. ಬೆಂಗಳೂರಿಗೆ ಕೊರಿಯರ್ 480. ತೆಗೆದು ನೋಡಾಕ 1,000. "ಹೆಡ್ ಹೋಗ್ಯಾವ, ಧೂಳಿಲ್ಲದ ಕೋಣ್ಯಾಗ ಬಿಚ್ಚಬೇಕು" ಅಂತ 28,000 ಹೇಳಿದ್ರು, ಚೌಕಾಶಿ ಮಾಡಿ 22,000ಕ್ಕ ಇಳಿಸಿದೆ. ಹೆಡ್ ತೆಗ್ಯಾಕ ಅದೇ ಮಾಡೆಲ್ಲಿನ ಇನ್ನೊಂದು ಡಿಸ್ಕ್ ಬೇಕು ಅಂದ್ರು, ಅದಕ್ಕ 5,500 ಬ್ಯಾರೆ. ಬಂದದ್ದೇನು? ಅರಿಷಿಣ ಹಚ್ಚಿದ್ದು, ಊಟದ ಪಂಕ್ತಿ, ಬ್ಯಾಂಡಿನವ್ರು. ಅಕ್ಕಿಕಾಳ ಬಿದ್ದ ಹೊತ್ತಿನ ಕ್ಲಿಪ್ ಒಂದೂ ಇಲ್ಲ. ಹೆಣ್ಣಿನವರಿಗೆ 15,000 ಹೊಳ್ಳಿ ಕೊಟ್ಟೆ. ಒಟ್ಟು 50,180. ಅವರು ಇನ್ನೂ ಎದುರಿಗೆ ಸಿಕ್ರ ಮುಖ ತಿರುವ್ತಾರ.

ಈಗ ನಂದು 1 ಟಿಬಿ ಎಸ್‌ಎಸ್‌ಡಿ. ಒಳಗ ತಿರುಗೋದೇ ಇಲ್ಲ, ಒಡಿಯೋದೇನು? ಸ್ಕೂಟರ್ ಡಿಕ್ಕ್ಯಾಗ ಒಗೀತೀನಿ.

ದಾಜಿಬಾನಪೇಟೆ ಕಾಕಾ
ಸ್ಟುಡಿಯೊ ಸಾಹೇಬ್ರ, ಎರಡನೇ ಕಾಪಿ ಇಲ್ದ ಕಾರ್ಡ್ ಖಾಲಿ ಮಾಡಿದ್ದು ಡಿಸ್ಕೋ, ನೀವೋ?

ನಾನು ಲೆಕ್ಕಪತ್ರದವ. 2013ರಾಗ ಹುಬ್ಬಳ್ಳಿ ಕೊಪ್ಪಿಕರ ರಸ್ತೆಯೊಳಗ ತಗೊಂಡ 500 ಜಿಬಿ ಹಾರ್ಡ್ ಡಿಸ್ಕ್ ಇವತ್ತಿಗೂ ನಡೀತದ. ಹೋದ ವರ್ಷದ ತನಕ ಪಾರ್ಟಿಗಳ ಟ್ಯಾಲಿ (ಲೆಕ್ಕದ ತಂತ್ರಾಂಶ) ಬ್ಯಾಕಪ್ ಎಲ್ಲಾ ಅದರಾಗ. ಹೋದ ವರ್ಷ ನಮ್ಮ ಅಳಿಯ ಗಂಟು ಬಿದ್ದು ಎಸ್‌ಎಸ್‌ಡಿ ಕೊಡಿಸ್ದ, 7,800 ರೂಪಾಯಿ, ಆ ವರ್ಷದ ಲೆಕ್ಕ ಅದರಾಗಷ್ಟ ಹಾಕಿದ್ದೆ. ಮಾರ್ಚ್ ಕಡೇ ವಾರ, ಜಿಎಸ್‌ಟಿ ಗದ್ಲ ನಡದದ, ಮುಂಜಾನೆ ಚುಚ್ಚಿದ್ರ ಸಪ್ಪಳಿಲ್ಲ, ದೀಪ ಇಲ್ಲ, ಕಂಪ್ಯೂಟರಿಗೆ ಅದು ಇದ್ದದ್ದೇ ಗೊತ್ತಿಲ್ಲ. ಹಾರ್ಡ್ ಡಿಸ್ಕ್ ಎಷ್ಟೋ ಸಲ ಸಾಯೂ ಮುಂದ ನರಳ್ತದ, ನಿಧಾನ ಆಗ್ತದ, ನಾಕು ಫೈಲು ತಕ್ಕೊಳ್ಳಾಕ ವ್ಯಾಳ್ಯಾ ಕೊಡ್ತದ. ಇದು ಹೇಳದ ಕೇಳದ ಹೋತು. ವಾರಂಟಿ ಇತ್ತು, ಹೊಸಾದು ಬಂತು. ವಾರಂಟಿ ಡಬ್ಬಿಗೆ, ಒಳಗಿನ ಡೇಟಾಕ್ಕಲ್ಲ ಅಂತ ಕಾರ್ಡಿನ್ಯಾಗೇ ಬರದಾರ. ಇಬ್ಬರು ಹುಡುಗರನ್ನ ಕೂಡಿಸಿ ರಾತ್ರಿ ಹಗಲು ವೌಚರ್ ಹೊಡಿಸಿದೆ, ಓವರ್‌ಟೈಮ್ 9,000, ಚಹಾ-ಗಿರ್ಮಿಟ್ಟು ಬ್ಯಾರೆ.

ಇನ್ನೊಂದು. ಎಸ್‌ಎಸ್‌ಡಿಯೊಳಗ ಡೇಟಾ ಅಂದ್ರ ಚಾರ್ಜು. ವರ್ಷಗಟ್ಟಲೆ ಕರೆಂಟ್ ತೋರಿಸ್ದ ಟ್ರಂಕಿನ್ಯಾಗ ಇಟ್ರ ಸೋರಬಹುದು.

ಗದಗ ಸ್ಟುಡಿಯೊ
ಕಾಕಾ, ನಿಮ್ಮ ಡಿಸ್ಕ್ ಮದುವಿ ಮನಿ ಕಂಡೈತೇನು? ಗಾದ್ರೇಜ್ ಕಪಾಟಿನ್ಯಾಗ ಕೂತದ್ದಕ್ಕ ಏನಾಗ್ತೈತಿ? ಟ್ಯಾಲಿ ಬ್ಯಾಕಪ್ ಎಷ್ಟು ಎಂಬಿ ಹೇಳ್ರಿ? ನಮ್ಮದು ಒಂದು ಮದುವಿಗೇ 400 ಜಿಬಿ. ಕಾರ್ಡ್ ಖಾಲಿ ಮಾಡ್ದ ರಿಸೆಪ್ಷನ್ ನಿಮ್ಮ ವೌಚರ್ ಮ್ಯಾಲೆ ಶೂಟ್ ಮಾಡ್ಲೇನು?

ಸಪ್ತಾಪುರ ಅಕ್ಕ
ಜಗಳ ಆಮ್ಯಾಲೆ ಆಡ್ರಿ. ಮೊದಲು ಡಿಸ್ಕ್ ಅಸಲಿನೋ ಅಲ್ಲೋ ಅನ್ನೋದು ನೋಡಬೇಕಲ್ಲ? ಫೋನಿನಲ್ಲಿ ಜಾಹೀರಾತು ಬಂತು, "16 ಟಿಬಿ ಎಸ್‌ಎಸ್‌ಡಿ, 2,299 ಮಾತ್ರ". ಪಿಎಚ್‌.ಡಿ.ಗೆ ಅಂತ ಶಾಸನದ ಫೋಟೊ, ಹಳೇ ಪತ್ರಿಕೆಗಳ ಸ್ಕ್ಯಾನು, ಎಲ್ಲಾ ಹಾಕಿದೆ. ಲ್ಯಾಪ್‌ಟಾಪ್ 16 ಟಿಬಿ ಅಂತಲೇ ತೋರಿಸ್ತದ, ಫೋಲ್ಡರು, ಫೈಲಿನ ಹೆಸರು, ತಾರೀಖು ಎಲ್ಲಾ ಸರಿ. ತೆರೆದರೆ ಬಾಳಷ್ಟು ತೆರೆಯೂದಿಲ್ಲ. ಮೊದಲಿನ ಒಂದಿಷ್ಟು ಮಾತ್ರ ಉಳದಿದ್ದವು.

ಸಿಟ್ಟಿಗೆ ಅಡಗಿಮನಿ ಚಾಕು ತೊಗೊಂಡು ಡಬ್ಬಿ ಎಬ್ಬಿಸಿದೆ. ಬೆರಳಗಲದ ಹಸಿರು ಬೋರ್ಡು, ಅದಕ್ಕ ಅಂಟು ಹಾಕಿ ಕೂರಿಸಿದ 64 ಜಿಬಿ ಮೆಮೊರಿ ಕಾರ್ಡು, ಬಾಜೂಕ ತೂಕಕ್ಕಂತ ಒಂದು ಕಬ್ಬಿಣದ ತುಂಡು. ಒಳಗಿನ ಚಿಪ್ಪಿಗೆ ಸುಳ್ಳು ಹೇಳಲಿಕ್ಕೆ ಕಲಿಸಿರ್ತಾರ, 64 ತುಂಬಿದ ಮ್ಯಾಲೆ ಹಾಕಿದ್ದೆಲ್ಲಾ ಹಳೇದರ ಮ್ಯಾಲೇ ಬೀಳ್ತದ ಇಲ್ಲಾ ಗಾಳಿಗೆ ಹೋಗ್ತದ. ಹೊಳ್ಳಿ ಸ್ಕ್ಯಾನ್ ಮಾಡಿಸಿದ್ದು ಪುಟಕ್ಕ 3 ರೂಪಾಯಿ, 2,140 ಪುಟ, 6,420. ಗ್ರಂಥಾಲಯದವರ ಮುಂದ ಮತ್ತ ಅರ್ಜಿ ಹಿಡಕೊಂಡು ನಿಂತದ್ದು ಲೆಕ್ಕಕ್ಕ ಹಿಡದಿಲ್ಲ.

ಎಚ್2ಟೆಸ್ಟ್‌ಡಬ್ಲ್ಯೂ ಅಂತ ಪುಕ್ಕಟೆ ತಂತ್ರಾಂಶ ಅದ. ಡಿಸ್ಕ್ ಪೂರ್ತಿ ತುಂಬಿಸಿ ಹೊಳ್ಳಿ ಓದ್ತದ, ಸುಳ್ಳಿದ್ರ ಅಲ್ಲೇ ಸಿಗತದ. ಯಾವ ಅಂಗಡಿಯವನೂ ಇದನ್ನ ಹೇಳೂದಿಲ್ಲ.

ದಾಜಿಬಾನಪೇಟೆ ಕಾಕಾ
ತಂಗಿ, 2,299ಕ್ಕ 16 ಟಿಬಿ ಯಾರು ಕೊಡ್ತಾರವ್ವಾ? ಅಂಗಡಿಗೆ ಹೋಗಿ ಪಕ್ಕಾ ಬಿಲ್ ಮ್ಯಾಲೆ ತಗೋಬೇಕು.

ಸಪ್ತಾಪುರ ಅಕ್ಕ
ಕಾಕಾ, ನಾನು ಕೇಳಿದ್ದು ಬುದ್ಧಿವಾದ ಅಲ್ಲ. ಅಂಗಡಿಯವರು ಹೆಣ್ಣುಮಕ್ಕಳು ಹೋದ್ರ "ಯಾವ ಕಲರ್ ಬೇಕ್ರಿ" ಅಂತಾರ, ಅದಕ್ಕ ಆನ್‌ಲೈನ್ ತೊಗೊಂಡದ್ದು.

ಹಾವೇರಿ ಮಾಸ್ತರ
ಎಲ್ಲಾರಿಗೂ ಧನ್ಯವಾದ್ರಿ. 1 ಟಿಬಿ ಸಾಕಾಗ್ತೈತಾ ಅಂತ ಕೇಳಿದ್ದೆ...

ಬೆಟಗೇರಿ ಹುಡುಗ
ರೆಡಿ ಡಬ್ಬಿನೇ ಬ್ಯಾಡ್ರಿ, ನಾನು ಕೈಯಾರೆ ಮಾಡ್ಕೊಂಡೀನಿ. ಹಳೇ ಲ್ಯಾಪ್‌ಟಾಪಿಂದ 512 ಜಿಬಿ ಎನ್‌ವಿಎಂಇ (ಸಣ್ಣ ಪಟ್ಟಿಯಂಥಾ ಎಸ್‌ಎಸ್‌ಡಿ) ಕಿತ್ತಿದ್ದೆ, ಅದಕ್ಕ ಅಲ್ಯುಮಿನಿಯಂ ಕೇಸ್ 1,750. ಮೊದಲ ತರಿಸಿದ ಸೋವಿ ಕೇಸು 890, ಅದರ ಚಿಪ್ಪು ಕಾದು ಕಾಪಿ ನಡುವ ಕಡ್ಕೊಂತಿತ್ತು, ಮುಟ್ಟಿದ್ರ ಬೊಬ್ಬಿ ಏಳಬೇಕು. ಈಗಿಂದು ಆರ್‌ಟಿಎಲ್9210 ಚಿಪ್ಪಿಂದು, ಸೆಕೆಂಡಿಗೆ 900 ಎಂಬಿ ಮ್ಯಾಲೆ ಓಡ್ತೈತಿ. ಜತಿಗೆ ಬಂದ ಕೇಬಲ್ ಒಂದು ತಿಂಗಳಿಗೆ ಸಡ್ಲ ಆತು, ಹೊಸ ಕೇಬಲ್ 450. ಬಿಸಿ ಎಳ್ಕೊಳ್ಳೋ ಥರ್ಮಲ್ ಪ್ಯಾಡ್ 120.

ಮತ್ತ ನೀವು ಯಾರೂ ಪೋರ್ಟಿನ ಮಾತ ಎತ್ತಲಿಲ್ಲ. ಹಳೇ ಲ್ಯಾಪ್‌ಟಾಪಿನ ಯುಎಸ್‌ಬಿ 2.0 ಪೋರ್ಟಿಗೆ ಚುಚ್ಚಿದ್ರ ಎಸ್‌ಎಸ್‌ಡಿ ಇರ್ಲಿ, ಚಂದ್ರಲೋಕದಿಂದ ತಂದದ್ದಿರ್ಲಿ, 35-40 ಎಂಬಿ ದಾಟಂಗಿಲ್ಲ. ಇನ್ನ ಕಾಕಾರ ಡಿಸ್ಕ್ ಹಳೇ ಕಾಲದ್ದು, ಅದಕ್ಕ ಗಟ್ಟಿ. ಈಗ ಬರೋ 2.5 ಇಂಚಿನ 1 ಟಿಬಿ, 2 ಟಿಬಿ ಡಿಸ್ಕ್ ಬಾಳಷ್ಟು ಎಸ್‌ಎಂಆರ್: ಹಂಚು ಹೊಚ್ಚಿದಂಗ ಟ್ರ್ಯಾಕ್ (ಡೇಟಾ ಬರಿಯೋ ಗೆರಿ) ಮ್ಯಾಲೆ ಟ್ರ್ಯಾಕ್. ಒಮ್ಮೆ ತುಂಬಿ ಇಡಾಕ ಅಡ್ಡಿ ಇಲ್ಲ. ಅಳಿಸಿ ಬರಿಯಾಕ ಹತ್ತಿದ್ರ ಬಾಜೂದ ಟ್ರ್ಯಾಕೂ ಮತ್ತ ಬರೀಬೇಕಾಗ್ತೈತಿ. ನಮ್ಮಣ್ಣಂದು 120 ಎಂಬಿಲೆ ಶುರು ಆಗಿದ್ದು 15ಕ್ಕ ಇಳೀತು, ಕೆಟ್ಟೈತಿ ಅಂತ ಹೊಳ್ಳಿ ಕೊಡಾಕ ಹೊಂಟಿದ್ದ.

ದಾಜಿಬಾನಪೇಟೆ ಕಾಕಾ
ಕೇಸು 890, ಮತ್ತೊಂದು 1,750, ಕೇಬಲ್ 450, ಪ್ಯಾಡ್ 120. 3,210 ಆತಲ್ಲೋ ತಮ್ಮಾ. ಒಳಗಿನ ಮಾಲು ಕಿತ್ತಿದ್ದು, ಅದಕ್ಕ ವಾರಂಟಿ ಎಲ್ಲಿ? ಇನ್ನಷ್ಟು ಹಾಕಿದ್ರ ಸೀಲ್ ಇದ್ದ ಹೊಸ ಹಾರ್ಡ್ ಡಿಸ್ಕ್ ಮೂರು ವರ್ಷದ ವಾರಂಟಿಲೆ ಬರ್ತಿತ್ತು.

ಅಂದ್ಹಂಗ 1 ಟಿಬಿ ಅಂತ ಮಾರಿ 931 ತೋರಿಸ್ತಾರಲ್ಲ, ಉಳಿದ 69 ಜಿಬಿ ಯಾರ ಕಿಸೆಕ್ಕ ಹೋತು? ಇದಕ್ಕಂತನ ಒಬ್ಬ ಅಂಗಡಿಯವನ ಜೋಡಿ ನಾನು ಮಾತು ಬಿಟ್ಟೀನಿ.

ಬೆಟಗೇರಿ ಹುಡುಗ
ಯಾರ ಕಿಸೆಕ್ಕೂ ಹೋಗಿಲ್ರಿ. ಕಂಪನಿಯವ್ರು ಸಾವಿರದ ಲೆಕ್ಕದಾಗ ಎಣಿಸ್ತಾರ, ವಿಂಡೋಸ್ 1,024ರ ಲೆಕ್ಕದಾಗ. ಲಕ್ಷ ಕೋಟಿ ಬೈಟ್‌ನ 1,024ಲೆ ಮೂರು ಸಲ ಭಾಗಿಸ್ರಿ, 931 ಬರ್ತೈತಿ. ಲೆಕ್ಕಪತ್ರದವ್ರಿಗೆ ನಾನು ಹೇಳಬೇಕಾ?

ದಾಜಿಬಾನಪೇಟೆ ಕಾಕಾ
ನನ್ನ ಲೆಕ್ಕದಾಗ ಕಿಲೊ ಅಂದ್ರ ಸಾವಿರ. ಕಿರಾಣಿ ಅಂಗಡ್ಯಾಗೂ ಅಷ್ಟ.

ನವನಗರ ಸಾಫ್ಟ್‌ವೇರ್
2013ರ ಡಿಸ್ಕ್, ಅಂಟು, ಕಬ್ಬಿಣ... ಎಲ್ಲಾ ಇಂಟರ್ನೆಟ್ ಮ್ಯಾಲಿನ ಕ್ಲೌಡಿಗೆ ಹಾಕ್ರಿ, ನೆಮ್ಮದಿ. ನಾನು ಹಾರ್ಡ್ ಡಿಸ್ಕ್ ಮುಟ್ಟದ ಬಾಳ ವರ್ಷ ಆತು.

ಸಪ್ತಾಪುರ ಅಕ್ಕ
ಗೂಗಲ್ ಪುಕ್ಕಟೆ ಕೊಡೂದು 15 ಜಿಬಿ. ಉಳಿದದ್ದಕ್ಕ ವರ್ಷಾ ವರ್ಷಾ ಬಾಡಿಗಿ. ಸ್ಕಾಲರ್‌ಶಿಪ್ ನಿಂತ ವರ್ಷ ಯಾರು ಕಟ್ಟಬೇಕು?

ಗದಗ ಸ್ಟುಡಿಯೊ
ನವನಗರ ಸಾಹೇಬ್ರಿಗೆ ಮನ್ಯಾಗ ಫೈಬರ್ ಇರಬೇಕು. ದಿನಕ್ಕ ಒಂದೂವರಿ ಜಿಬಿ ಪ್ಯಾಕಿನ್ಯಾಗ ಮಾಸ್ತರ 300 ಜಿಬಿ ಏರಿಸೋದು ಅಂದ್ರ 200 ದಿನ. ಅಷ್ಟು ದಿನ ಅವರು ಫೋನಿನ್ಯಾಗ ಒಂದು ಹಾಡೂ ಕೇಳಬಾರ್ದು. ನಮ್ಮದು ಒಂದು ಮದುವಿ ಏರೋದ್ರಾಗ ಕೂಸಿನ ಜಾವಳಾ ಬರ್ತೈತಿ.

ನವನಗರ ಸಾಫ್ಟ್‌ವೇರ್
ಅದಕ್ಕ ಫೋಟೊಗ್ರಾಫರ್ಸ್ ವರ್ಷಗಟ್ಟಲೆ ಆಲ್ಬಂ ಕೊಡೂದಿಲ್ಲ ಅನ್ರಿ. ನಮ್ಮ ತಂಗಿ ಮದುವಿ ಆಲ್ಬಂ ಇನ್ನೂ ಬಂದಿಲ್ಲ, ಅಡ್ವಾನ್ಸ್ 40,000 ಕೊಟ್ಟೀವಿ.

ಗದಗ ಸ್ಟುಡಿಯೊ
ಯಾವ ಸ್ಟುಡಿಯೊಕ್ಕ ಕೊಟ್ಟೀರಿ ಅವರನ್ನ ಕೇಳ್ರಿ. ಫೋಟೊ ಆರಿಸಿ ಕೊಡ್ರಿ ಅಂದ್ರ ಆರು ತಿಂಗಳು ಸುಮ್ನಿರ್ತೀರಿ, ಆಮ್ಯಾಲೆ ಆಲ್ಬಂ ಎಲ್ಲಿ ಅಂತೀರಿ. ಬಾಕಿ ರೊಕ್ಕದ ಸುದ್ದಿ ಯಾರೂ ತಗ್ಯಂಗಿಲ್ಲ.

ಹಾವೇರಿ ಮಾಸ್ತರ
ನಿನ್ನಿ ಹುಬ್ಬಳ್ಳಿಗೆ ಬಂದಿದ್ದೆ. ದುರ್ಗದಬೈಲಿನ್ಯಾಗ ನಾಕು ಕಡೆ ಕೇಳಿ 1 ಟಿಬಿ ಹಾರ್ಡ್ ಡಿಸ್ಕೇ ತಗೊಂಡೆ, 4,850. ಎಸ್‌ಎಸ್‌ಡಿ ಬಜೆಟ್ಟಿನ್ಯಾಗ ಬರಲಿಲ್ಲ. ಮನ್ಯಾಗ ಇಡ್ತೀನಿ, ಬಸ್ಸಿಗೆ ಒಯ್ಯಂಗಿಲ್ಲ. ಅಪ್ಪಾರ ಪದ ಎರಡು ಪೆನ್‌ಡ್ರೈವಿನ್ಯಾಗೂ ಹಾಕಿ ತಂಗಿ ಮನಿಗೆ ಒಂದು ಕಳಿಸಿದೆ. ಡಿಸ್ಕಿನ ಫಾರ್ಮ್ಯಾಟ್ ಎಕ್ಸ್‌ಫ್ಯಾಟ್ ಇಡ್ಲೋ ಎನ್‌ಟಿಎಫ್‌ಎಸ್ಸೋ?

ಬೆಟಗೇರಿ ಹುಡುಗ
ವಿಂಡೋಸ್ ಅಷ್ಟ ಇದ್ರ ಎನ್‌ಟಿಎಫ್‌ಎಸ್. ಮ್ಯಾಕ್‌ಗೆ ಹಚ್ಚೋದಿದ್ರ ಎಕ್ಸ್‌ಫ್ಯಾಟ್, ಎನ್‌ಟಿಎಫ್‌ಎಸ್ಸನ್ನ ಮ್ಯಾಕ್ ಓದ್ತೈತಿ, ಬರಿಯಂಗಿಲ್ಲ. ಫ್ಯಾಟ್32 ಬ್ಯಾಡೇ ಬ್ಯಾಡ, 4 ಜಿಬಿ ಮೀರಿದ ಫೈಲ್ ತಗೊಳ್ಳಂಗಿಲ್ಲ. ಡಿಸ್ಕಿನ ಆರೋಗ್ಯ ತೋರಿಸೋ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ತಂತ್ರಾಂಶ ಹಾಕಿ ಇವತ್ತೇ ಒಮ್ಮೆ ನೋಡ್ರಿ, ಹಳದಿ ಬಣ್ಣ ತೋರಿಸಿದ್ರ ಅಂಗಡಿಗೆ ಹೊಳ್ಳಿ ಒಯ್ರಿ. ಬಾಳ ಮಾಡಿ ಎಸ್‌ಎಂಆರ್ ಇರ್ತೈತಿ, ನಿಮಗ ನಡೀತೈತಿ.

ದಾಜಿಬಾನಪೇಟೆ ಕಾಕಾ
ಮಾಸ್ತರ ಶಾಣ್ಯಾ ಇದ್ದಾರ, ಹಾರ್ಡ್ ಡಿಸ್ಕ್ ತಗೊಂಡ್ರು. ಬಿಲ್ ತಗೊಂಡೀರಿಲ್ಲೋ?

ತಮ್ಮಾ ಬೆಟಗೇರಿ, ಆಫೀಸಿನ ಸತ್ತ ಲ್ಯಾಪ್‌ಟಾಪಿನ್ಯಾಗ 2.5 ಇಂಚಿನ ಡಿಸ್ಕ್ ಒಂದು ಬಿದ್ದದ. ಅದಕ್ಕೂ ನಿನ್ನಂಥಾ ಡಬ್ಬಿ ಸಿಗ್ತದೇನು? ಎಷ್ಟು ಬೀಳ್ತದ?

ಬೆಟಗೇರಿ ಹುಡುಗ
ಅದಕ್ಕ ಸಾಟಾ ಕೇಸು ಅಂತಾರ, 400-500ಕ್ಕ ಸಿಗ್ತೈತ್ರಿ. ವಾರಂಟಿ ಇರಂಗಿಲ್ಲ ನೋಡ್ರಿ ಮತ್ತ.

ದಾಜಿಬಾನಪೇಟೆ ಕಾಕಾ
ಇರ್ಲಿ ತಗೋ. ಜಿಎಸ್‌ಟಿ ಬಿಲ್ ಇದ್ರ ಸಾಕು, ಫರ್ಮಿನ ಹೆಸರಿಲೆ ಮಾಡಿಸು.