ಸಹಾಯ ಬೇಕು: ಬೆಂಡೆ × ಕಾಡುಬೆಂಡೆ ಮಿಶ್ರತಳಿ ಹೂ ಬಿಡುತ್ತದೆ, ಬೀಜ ಕಟ್ಟುವುದಿಲ್ಲ

ಎಲ್ಲರಿಗೂ ನಮಸ್ಕಾರ. ಹಳದಿ ನಂಜು ರೋಗ ತಡೆಯುವ ಗುಣಕ್ಕಾಗಿ ಬೆಂಡೆಗೆ ಕಾಡುಬೆಂಡೆಯ (ಅಬೆಲ್ಮೋಸ್ಕಸ್ ಟೆಟ್ರಾಫಿಲಸ್) ಪರಾಗ ಕೊಟ್ಟಿದ್ದೇವೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕ ಬೆಂಡೆ ತಳಿ ಹುಟ್ಟಿದ್ದೂ ಇದೇ ದಾರಿಯಲ್ಲಿ.

ಮರುದಿನ ಅರಳಲಿರುವ ಮೊಗ್ಗಿನ ಬುಡದಲ್ಲಿ ಸಂಜೆಯೇ ಸುತ್ತ ಗೀರಿ, ಪುಷ್ಪಪಾತ್ರೆ, ದಳ, ಕೇಸರ ತೆಗೆದು ಬಟರ್ ಪೇಪರ್ ಚೀಲ ಕಟ್ಟಿದ್ದು. ಬೆಳಿಗ್ಗೆ 8ರಿಂದ 10ರೊಳಗೆ ಪರಾಗ ಸವರಿದ್ದು. ಕಾಯಿ ಕಟ್ಟಿತು, ಬೀಜ ಮೊಳೆಯಿತು, ಗಿಡವೂ ಸೊಕ್ಕಿ ಬೆಳೆದಿದೆ. ಅಂದರೆ ತಡೆ ಶಲಾಕೆಯಲ್ಲಿಲ್ಲ (ಪರಾಗನಳಿಕೆ ಅಂಡಾಶಯಕ್ಕೆ ಇಳಿಯುವ ಹೂವಿನ ಕೊಳವೆ), ಭ್ರೂಣದಲ್ಲೂ ಇಲ್ಲ. ಈ ಮಿಶ್ರತಳಿಯ ಹೂವಿನ ಪರಾಗಕ್ಕೆ ಅಸಿಟೋಕಾರ್ಮಿನ್ (ಜೀವಂತ ಕಣಕ್ಕೆ ಕೆಂಪು ಹಿಡಿಸುವ ಬಣ್ಣ) ಹಾಕಿ ನೋಡಿದರೆ ಪರಾಗಕಣಗಳು ಹೆಚ್ಚಿನವು ಬಣ್ಣ ಹಿಡಿಯದೆ ಮುರುಟಿವೆ. ಎರಡು ಜಾತಿಯ ವರ್ಣತಂತುಗಳು ಸರಿಯಾಗಿ ಜೋಡಿಯಾಗುತ್ತಿಲ್ಲ ಅನ್ನಿಸುತ್ತದೆ. ಕಾಯಿ ಇದ್ದರೂ ಒಳಗೆ ಜೊಳ್ಳು.

ಪ್ರತಿ ವರ್ಣತಂತುವಿಗೂ ಜೋಡಿ ಸಿಗಲೆಂದು ಅವನ್ನು ಇಮ್ಮಡಿಸಲು ಕಾಲ್ಚಿಸಿನ್ ಯೋಚನೆ ಇದೆ: ಬೀಜದೆಲೆ ಬಿಚ್ಚಿದ ಸಸಿಯ ಕುಡಿಗೆ 0.1 ಶೇಕಡಾ ದ್ರಾವಣದಲ್ಲಿ ಅದ್ದಿದ ಹತ್ತಿ, ಮೂರು ದಿನ. (ವಿಷ ಅದು, ಕೈಗವಸು ಬೇಕೇ ಬೇಕು.) ಬೆಂಡೆಯಲ್ಲಿ ಇದನ್ನು ಮಾಡಿದವರು ಹೇಳಿ: 0.2ಕ್ಕೆ ಏರಿಸಿದರೆ ಕುಡಿ ಸುಡುತ್ತದೆಯೇ? ಅರ್ಧ ಮಾತ್ರ ಇಮ್ಮಡಿಯಾದ ಕೊಂಬೆಯನ್ನು ಗುರುತಿಸುವುದು ಹೇಗೆ? ಇಲ್ಲವೇ ಈ ಬಂಜೆ ಗಿಡವನ್ನೇ ಹೆಣ್ಣಾಗಿಟ್ಟು ಬೆಂಡೆಯ ಪರಾಗ ಕೊಡುತ್ತಾ ಹೋದರೆ ನಾಲ್ಕು ಬೀಜವಾದರೂ ಸಿಗಬಹುದೇ?