ಅಮ್ಮನ ಕೀಪ್ಯಾಡ್ ಫೋನಿಗೆ ಕಡಿಮೆ ಖರ್ಚಿನ ಪ್ರೀಪೇಯ್ಡ್ ಸಿಮ್ ಯಾವುದು?

ಅಡಿಕೆತೋಟ (ಪ್ರಶ್ನೆ)

ತೀರ್ಥಹಳ್ಳಿ ಕಡೆ ಹಳ್ಳಿ. ಅಮ್ಮನ ಹತ್ತಿರ ಎರಡು ಸಿಮ್ ಹಾಕುವ ಹಳೇ ಕೀಪ್ಯಾಡ್ ಫೋನಿದೆ, ಒಂದರಲ್ಲಿ ಏರ್‌ಟೆಲ್ ನಂಬರ್. ಬ್ಯಾಂಕು, ಗ್ಯಾಸು, ಆಧಾರ್ ಎಲ್ಲಕ್ಕೂ ಅದೇ ನಂಬರ್ ಕೊಟ್ಟಿದೆ. ಬರುವ ಕರೆಗಳೇ ಹೆಚ್ಚು. ಅವರಾಗಿ ಮಾತಾಡುವುದು ದಿನಕ್ಕೆ ಐದು ನಿಮಿಷ ಅಷ್ಟೆ, ಇಂಟರ್ನೆಟ್ ಬೇಡವೇ ಬೇಡ. ಈಗ 28 ದಿನಕ್ಕೊಮ್ಮೆ 199 ಹಾಕಿಸುತ್ತಿದ್ದೇವೆ. ಇದಕ್ಕಿಂತ ಅಗ್ಗದ ದಾರಿ ಇದೆಯಾ? ಬ್ಯಾಲೆನ್ಸಿನಲ್ಲಿ 20 ರೂಪಾಯಿ ಇದ್ದರೆ ರೀಚಾರ್ಜ್ ಇಲ್ಲದೆಯೂ ಸಿಮ್ ನಡೆಯುತ್ತದೆ ಅನ್ನುತ್ತಾರೆ, ನಿಜವೇ?

ದಿನಲೆಕ್ಕ

ಮೊದಲು ಪ್ಯಾಕಿನ ಬೆಲೆಯನ್ನು ದಿನಗಳಿಂದ ಭಾಗಿಸಿ ನೋಡಿ. 199 ಅಂದರೆ ದಿನಕ್ಕೆ 7 ರೂಪಾಯಿ 11 ಪೈಸೆ. 28 ದಿನದ ಪ್ಯಾಕು ವರ್ಷಕ್ಕೆ ಹನ್ನೆರಡಲ್ಲ, ಹದಿಮೂರು ಸಲ ಬೇಕು. ಒಟ್ಟು 2587 ರೂಪಾಯಿ. ಅದರಲ್ಲಿ ಬರುವ 2 ಜಿಬಿ ಡೇಟಾ ನಿಮ್ಮ ಅಮ್ಮನಿಗೆ ಪೂರ್ತಿ ದಂಡ.

ಡೇಟಾ ಬೇಡದವರ ತಲೆಗೂ ಡೇಟಾ ಕಟ್ಟಬಾರದು ಎಂದು ಟ್ರಾಯ್ (ದೂರಸಂಪರ್ಕ ಕಂಪನಿಗಳ ನಿಯಂತ್ರಣ ಪ್ರಾಧಿಕಾರ) 2024ರ ಡಿಸೆಂಬರಿನಲ್ಲಿ ನಿಯಮ ತಂದಿತು. ಕರೆ ಮತ್ತು ಎಸ್ಸೆಮ್ಮೆಸ್ ಮಾತ್ರ ಇರುವ ಪ್ಯಾಕುಗಳು 2025ರ ಜನವರಿಯಲ್ಲಿ ಬಂದವು. ಆಗಿನ ದರದಲ್ಲಿ ಏರ್‌ಟೆಲ್‌ನದು 84 ದಿನಕ್ಕೆ 469, 365 ದಿನಕ್ಕೆ 1849. ಜಿಯೋದ್ದು 84 ದಿನಕ್ಕೆ 448, 336 ದಿನಕ್ಕೆ 1748. ವಿಐ (ವೊಡಾಫೋನ್ ಐಡಿಯಾ) ಹೆಚ್ಚುಕಡಿಮೆ ಏರ್‌ಟೆಲ್‌ನಷ್ಟೇ. ಎಲ್ಲದರಲ್ಲೂ ಕರೆಗೆ ಮಿತಿ ಇಲ್ಲ. 1849ರದು ದಿನಕ್ಕೆ 5 ರೂಪಾಯಿ 7 ಪೈಸೆ ಬೀಳುತ್ತದೆ, ಅಂದರೆ ಸಿಮ್ ಬದಲಿಸದೆಯೇ ವರ್ಷಕ್ಕೆ 738 ರೂಪಾಯಿ ಉಳಿತಾಯ.

ಈ ಪ್ಯಾಕುಗಳು ಆ್ಯಪಿನ ಮೊದಲ ಪುಟದಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ, ಕೆಳಗೆ ಹುಡುಕಬೇಕು. ಅಂಗಡಿಯಲ್ಲಿ "ಬರೀ ವಾಯ್ಸ್ ಪ್ಯಾಕ್" ಎಂದು ಬಾಯಿಬಿಟ್ಟು ಕೇಳಿ, ಇಲ್ಲದಿದ್ದರೆ ಮತ್ತೆ 199 ಹಾಕಿಬಿಡುತ್ತಾರೆ. ದರ ಆಗಾಗ ಬದಲಾಗುತ್ತದೆ, ದುಡ್ಡು ಕಟ್ಟುವ ದಿನವೇ ಒಮ್ಮೆ ನೋಡಿಕೊಳ್ಳಿ.

ಇನ್ನೂ ಇಳಿಸಬೇಕೆಂದರೆ ಬಿಎಸ್ಸೆನ್ನೆಲ್‌ನ 1198 ನೋಡಿ, 2025ರ ದರ ಇದು. 365 ದಿನ, ತಿಂಗಳಿಗೆ 300 ನಿಮಿಷ, 30 ಎಸ್ಸೆಮ್ಮೆಸ್, 3 ಜಿಬಿ. ದಿನಕ್ಕೆ 3 ರೂಪಾಯಿ 28 ಪೈಸೆ. ನಿಮ್ಮ ಐದು ನಿಮಿಷದ ಲೆಕ್ಕಕ್ಕೆ 300 ನಿಮಿಷ ಧಾರಾಳ. ಒಂದು ಎಚ್ಚರಿಕೆ ಮಾತ್ರ ಬೇಕು: ಬಿಎಸ್ಸೆನ್ನೆಲ್ ಸಣ್ಣ ಪ್ಯಾಕುಗಳಲ್ಲಿ ಬೆಲೆ ಹಾಗೇ ಇಟ್ಟು ದಿನಗಳನ್ನು ಕಡಿಮೆ ಮಾಡಿದ್ದಿದೆ, 107ರದು 40 ದಿನದಿಂದ 35ಕ್ಕೆ ಇಳಿಯಿತು. ಹಾಗಾಗಿ ಬೆಲೆಯ ಜೊತೆಗೆ ದಿನಗಳನ್ನೂ ಓದಿ.

ಮೂರುಕಡ್ಡಿ

ಲೆಕ್ಕ ಸರಿ. ಆದರೆ ಮನೆಯೊಳಗೆ ಸಿಗ್ನಲ್ ಬಾರದ ಸಿಮ್ ದಿನಕ್ಕೆ ಒಂದು ರೂಪಾಯಿಗೆ ಸಿಕ್ಕರೂ ದುಬಾರಿಯೇ. ಹೊಸ ಸಿಮ್ ಕೊಳ್ಳದೆಯೇ ಪರೀಕ್ಷೆ ಮಾಡಬಹುದು. ಫೋನಿನ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ಆಯ್ಕೆಯನ್ನು ಆಟೋಮ್ಯಾಟಿಕ್‌ನಿಂದ ಮ್ಯಾನುಯಲ್‌ಗೆ ಬದಲಿಸಿ ಹುಡುಕಲು ಬಿಡಿ. ಒಂದೆರಡು ನಿಮಿಷದಲ್ಲಿ ಆ ಜಾಗದಲ್ಲಿ ಆ ಫೋನಿಗೆ ಸಿಗುವ ಎಲ್ಲ ಕಂಪನಿಗಳ ಪಟ್ಟಿ ಬರುತ್ತದೆ. ಜಗಲಿಯಲ್ಲಿ ಒಮ್ಮೆ, ಅಡುಗೆಮನೆಯಲ್ಲಿ ಒಮ್ಮೆ ಮಾಡಿ. ಮುಗಿದ ಮೇಲೆ ಮರೆಯದೆ ಆಟೋಮ್ಯಾಟಿಕ್‌ಗೆ ತನ್ನಿ. ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಸಿಗ್ನಲ್ ಗಟ್ಟಿ ಅಂತಲ್ಲ, ಹೆಸರೇ ಬಾರದಿದ್ದರೆ ಆ ಕಂಪನಿಯ ಆಸೆ ಬಿಡಬಹುದು.

ಎರಡನೆಯದು ಫೋನು. ಜಿಯೋಗೆ 2ಜಿ ಇಲ್ಲವೇ ಇಲ್ಲ, ಕರೆಯೂ 4ಜಿ ಮೇಲೆಯೇ ಹೋಗುತ್ತದೆ. ನಿಮ್ಮದು ಹಳೇ 2ಜಿ ಕೀಪ್ಯಾಡ್ ಆಗಿದ್ದರೆ ಅದರಲ್ಲಿ ಜಿಯೋ ಸಿಮ್ ಕೆಲಸ ಮಾಡುವುದಿಲ್ಲ. ಜಿಯೋಭಾರತ್ ಫೋನು ಕೊಂಡರೆ ಅದರಲ್ಲಿ ಬೇರೆ ಕಂಪನಿ ಸಿಮ್ ನಡೆಯದು, ಅದೂ ತಲೆಯಲ್ಲಿರಲಿ. ಏರ್‌ಟೆಲ್, ವಿಐ, ಬಿಎಸ್ಸೆನ್ನೆಲ್‌ಗಳಿಗೆ 2ಜಿ ಇದೆ. ಮುಂದೆ 4ಜಿ ಕೀಪ್ಯಾಡ್ ಕೊಂಡು ಬಿಎಸ್ಸೆನ್ನೆಲ್ ಹಾಕುವ ಯೋಚನೆಯಿದ್ದರೆ ಪೆಟ್ಟಿಗೆಯ ಮೇಲೆ ಬ್ಯಾಂಡ್ 28 ಇದೆಯೇ ನೋಡಿ. ಅವರ 4ಜಿ 700 ಮತ್ತು 2100 ಮೆಗಾಹರ್ಟ್ಸ್‌ನಲ್ಲಿದೆ. ದೂರದವರೆಗೆ, ಗೋಡೆಯೊಳಗೂ ಬರುವುದು 700, ಅದೇ ಬ್ಯಾಂಡ್ 28. ಅಗ್ಗದ ಫೋನುಗಳಲ್ಲಿ ಕೈಬಿಟ್ಟಿರುವುದೂ ಎಷ್ಟೋ ಸಲ ಅದನ್ನೇ.

ಅಡಿಕೆತೋಟ

ಮ್ಯಾನುಯಲ್ ಹುಡುಕಾಟದಲ್ಲಿ ಏರ್‌ಟೆಲ್, ಬಿಎಸ್ಸೆನ್ನೆಲ್ ಎರಡೂ ಬಂದವು, ಅಡುಗೆಮನೆಯಲ್ಲೂ ಬಂದವು. 20 ರೂಪಾಯಿ ವಿಷಯ ಯಾರಾದರೂ ಬಿಡಿಸಿ ಹೇಳಿ.

ಕಾಯ್ದೆಪುಟ

ಅದು ಅರ್ಧ ಸತ್ಯ, ಆ ಅರ್ಧ ನಂಬಿಯೇ ಜನ ನಂಬರ್ ಕಳೆದುಕೊಳ್ಳುತ್ತಾರೆ. 2013ರ ಟ್ರಾಯ್ ನಿಯಮ ಹೇಳುವುದು ಇಷ್ಟು: ಪ್ರೀಪೇಯ್ಡ್ ಸಿಮ್ ಸತತ 90 ದಿನ ಬಳಕೆಯಾಗದೇ ಇದ್ದರೂ ಮೇನ್ ಬ್ಯಾಲೆನ್ಸಿನಲ್ಲಿ 20 ರೂಪಾಯಿ ಇದ್ದರೆ ನಂಬರ್ ಕಿತ್ತುಹಾಕುವಂತಿಲ್ಲ. ಆ 20 ಮುರಿದುಕೊಂಡು ಇನ್ನೂ 30 ದಿನ ಉಳಿಸಿಕೊಡಬೇಕು. ಬ್ಯಾಲೆನ್ಸ್ ಇರದೆ ಕಡಿತವಾದರೆ 15 ದಿನದೊಳಗೆ 20 ಕಟ್ಟಿ ವಾಪಸ್ ಪಡೆಯಬಹುದು.

ಇಲ್ಲಿ ಉಳಿಯುವುದು ನಂಬರ್, ಸೇವೆ ಅಲ್ಲ. ಪ್ಯಾಕಿನ ವ್ಯಾಲಿಡಿಟಿ ಮುಗಿದರೆ ಮೊದಲು ಹೊರಹೋಗುವ ಕರೆ ನಿಲ್ಲುತ್ತದೆ, ಕೆಲವು ದಿನದ ನಂತರ ಬರುವ ಕರೆ, ಒಟಿಪಿ ಕೂಡ. ಬ್ಯಾಂಕಿಗೆ ಜೋಡಿಸಿದ ನಂಬರಿಗೆ ಇದು ಆಗದ ಮಾತು.

ಇನ್ನೊಂದು ತಪ್ಪು 20 ರೂಪಾಯಿಯ ಟಾಪ್‌ಅಪ್. ತೆರಿಗೆ, ಶುಲ್ಕ ಕಳೆದು ಕೈಗೆ ಬರುವುದು 14 ರೂಪಾಯಿ 95 ಪೈಸೆ ಮಾತ್ರ. 50 ಹಾಕಿದರೆ 39 ರೂಪಾಯಿ 37 ಪೈಸೆ ಬರುತ್ತದೆ. ಊರು ಬಿಟ್ಟು ತಿಂಗಳುಗಟ್ಟಲೆ ಹೋಗುವವರು ಹಾಕಬೇಕಾದ್ದು ಅದನ್ನು.

ಕಡಿತವಾದ ನಂಬರನ್ನು ಕನಿಷ್ಠ 90 ದಿನ ಬಿಟ್ಟು ಬೇರೆಯವರಿಗೆ ಕೊಡುತ್ತಾರೆ. ಆಮೇಲೆ ಅಮ್ಮನ ಬ್ಯಾಂಕಿನ ಮೆಸೇಜು ಯಾರದೋ ಫೋನಿಗೆ. ನೂರಿನ್ನೂರು ಉಳಿಸಲು ಈ ಅಪಾಯ ದಯವಿಟ್ಟು ಬೇಡ.

ಅಡಿಕೆತೋಟ

ಅರ್ಥವಾಯಿತು, ಉಪಕಾರ. ಹಾಗಾದರೆ ಇದೇ ನಂಬರನ್ನು ಬಿಎಸ್ಸೆನ್ನೆಲ್‌ಗೆ ಪೋರ್ಟ್ ಮಾಡಿಸುವುದೇ?

ಮೂರುಕಡ್ಡಿ

ಅವಸರ ಬೇಡ. ಎರಡನೇ ಸ್ಲಾಟ್ ಖಾಲಿ ಇದೆಯಲ್ಲ, ಹೊಸ ಬಿಎಸ್ಸೆನ್ನೆಲ್ ಸಿಮ್ ಒಂದನ್ನು ಅತಿ ಸಣ್ಣ ಪ್ಯಾಕಿನೊಂದಿಗೆ ಅಲ್ಲಿ ಹಾಕಿ ಒಂದು ತಿಂಗಳು ನೋಡಿ. ಅದರಲ್ಲಿ ಒಂದು ವಾರವಾದರೂ ಮಳೆಗಾಲದ್ದಿರಲಿ. ಕರೆಂಟು ಹೋಗಿ ಟವರಿನ ಬ್ಯಾಟರಿ ಇಳಿದಾಗ ಯಾವ ಸಿಮ್ ಬದುಕಿರುತ್ತದೆ ಎನ್ನುವುದು ನಿಮ್ಮ ಕಡೆ ದರಕ್ಕಿಂತ ಮುಖ್ಯ. ಅಂಗಡಿಯವರಿಗೆ ಸಿಮ್ಮನ್ನು ಚೌಕಟ್ಟಿನಿಂದ ಸಣ್ಣದಾಗಿ ಮುರಿಯಬೇಡಿ ಅನ್ನಿ, ಹಳೇ ಕೀಪ್ಯಾಡಿಗೆ ದೊಡ್ಡ ಅಳತೆಯೇ ಬೇಕು.

ಸರಿಹೋದರೆ ಪೋರ್ಟ್. ಏರ್‌ಟೆಲ್ ಸಿಮ್ಮಿನಿಂದ 1900ಕ್ಕೆ, ಇಂಗ್ಲಿಷಿನಲ್ಲಿ ಪೋರ್ಟ್ ಎಂದು ಬರೆದು ಜಾಗ ಬಿಟ್ಟು ಹತ್ತಂಕಿ ನಂಬರ್ ಕಳಿಸಿ. ಯುಪಿಸಿ ಎಂಬ, ಪೋರ್ಟ್ ಅರ್ಜಿಗೆ ಬೇಕಾದ ಕೋಡ್ ಬರುತ್ತದೆ, ನಮ್ಮ ಕಡೆ ಅದರ ಆಯಸ್ಸು 4 ದಿನ. ಅಷ್ಟರೊಳಗೆ ಆಧಾರ್ ಹಿಡಿದು ಬಿಎಸ್ಸೆನ್ನೆಲ್ ಕೇಂದ್ರಕ್ಕೆ ಹೋಗಿ. ಕರ್ನಾಟಕದೊಳಗಿನ ಪೋರ್ಟ್ 3 ಕೆಲಸದ ದಿನಗಳಲ್ಲಿ ಮುಗಿಯಬೇಕು. ಹಳೇ ಸಿಮ್ಮಿನ ಸಿಗ್ನಲ್ ಹೋದಾಗ ಹೊಸದನ್ನು ಹಾಕಿ.

ಎಲ್ಲಿ ಎಡವುತ್ತಾರೆಂದರೆ, ಸಿಮ್ ಮಗನ ಹೆಸರಿನಲ್ಲಿರುತ್ತದೆ, ಅಮ್ಮ ಹೋಗಿ ಬೆರಳು ಕೊಡುತ್ತಾರೆ, ಅರ್ಜಿ ತಿರಸ್ಕೃತ. ಯಾರ ಹೆಸರಿನಲ್ಲಿದೆಯೋ ಅವರೇ ಹೋಗಬೇಕು. ಈಗಿನ ಕಂಪನಿಯಲ್ಲಿ 90 ದಿನ ತುಂಬಿರಬೇಕು. ಸಿಮ್ ಕಳೆದು ಹೊಸದು ತೆಗೆಸಿ 7 ದಿನ ಆಗಿರದಿದ್ದರೂ ಕೋಡ್ ಬರುವುದಿಲ್ಲ. ಉಳಿದ ಪ್ಯಾಕ್, ಬ್ಯಾಲೆನ್ಸ್ ಹೊಸ ಕಂಪನಿಗೆ ಬರುವುದಿಲ್ಲ, ಆದ್ದರಿಂದ ಈಗಿನ 199 ಮುಗಿಯಲು ಐದಾರು ದಿನ ಇರುವಾಗ ಮೆಸೇಜ್ ಕಳಿಸಿ. ಅಲ್ಲಿಯವರೆಗೆ 1849ರ ವರ್ಷದ ಪ್ಯಾಕ್ ಹಾಕಿಸಬೇಡಿ.

ದಿನಲೆಕ್ಕ

ಪೋರ್ಟ್ ಆದ ಮೇಲೆ 1909ಕ್ಕೆ ಇಂಗ್ಲಿಷಿನಲ್ಲಿ ಸ್ಟಾರ್ಟ್ ಎಂದು ಬರೆದು ಜಾಗ ಬಿಟ್ಟು ಸೊನ್ನೆ ಹಾಕಿ ಕಳಿಸಿ, ಜಾಹೀರಾತು ಕರೆಗಳು ಕಡಿಮೆಯಾಗುತ್ತವೆ. ಬ್ಯಾಲೆನ್ಸ್ ತಾನಾಗಿ ಕರಗುತ್ತಿದ್ದರೆ ಕಾಲರ್ ಟ್ಯೂನ್‌ನಂಥದ್ದು ಗೊತ್ತಿಲ್ಲದೆ ಒತ್ತಿಹೋಗಿರುತ್ತದೆ, 155223ಕ್ಕೆ ಕರೆ ಮಾಡಿ ನಿಲ್ಲಿಸಿ. ವ್ಯಾಲಿಡಿಟಿ ಮುಗಿಯುವ ತಾರೀಖನ್ನು ಫೋನಿನ ಹಿಂದೆ ಚೀಟಿ ಅಂಟಿಸಿ ಬರೆದಿಡಿ.