ಎರಡನೇ ನಂಬರ್ ಬಬೂನಿನ ಸುಖ

ಸೀನನ ಹೊಸ ವಾಚು ಅವನಿಗೆ ಸ್ಟ್ರೆಸ್ ಎಂಬತ್ತು ಅಂತ ತೋರಿಸಿದ್ದೇ ತಡ, ತಿನ್ನುತ್ತಿದ್ದ ವಡೆ ಬಿಟ್ಟು ಎದೆ ಮುಟ್ಟಿ ನೋಡಿಕೊಂಡ.

"ಸುಮ್ನೆ ತಿನ್ನೋ," ಎಂದಳು ಪದ್ಮ. ಅವಳು ಬಯಾಲಜಿ ಮೇಡಮ್ಮು, ರಜದಲ್ಲೂ ಪಾಠ ಬಿಡುವುದಿಲ್ಲ. "ಅದು ನಾಡಿ ನೋಡಿ ಅಂದಾಜು ಹೇಳುತ್ತೆ ಅಷ್ಟೆ. ನೀನು ಎರಡು ಕಾಫಿ ಕುಡಿದು ಮೂರನೇದಕ್ಕೆ ಹೇಳಿದ್ದೀಯ."

"ಹಾಗಾದರೆ ವರ್ಷಗಟ್ಟಲೆ ಇರೋ ಟೆನ್ಷನ್ನು ಅಳೆಯೋದು ಹೇಗೆ?"

"ಕೂದಲಲ್ಲಿ. ತಲೆಗೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತೆ, ಟೆನ್ಷನ್ ಆದಾಗ ಏರೋ ಕಾರ್ಟಿಸಾಲ್ ಅನ್ನೋ ಹಾರ್ಮೋನು ಅದರೊಳಗೆ ಸೇರಿಕೊಂಡಿರುತ್ತೆ. ಬುಡದ 3 ಸೆಂಟಿಮೀಟರ್ ಕತ್ತರಿಸಿದರೆ ಮೂರು ತಿಂಗಳ ಲೆಕ್ಕ ಸಿಗುತ್ತೆ."

ಎಲ್ಲರೂ ಸೀನನ ಬೋಳುತಲೆ ನೋಡಿದೆವು. ಅವನ ಲೆಕ್ಕ ಯಾವತ್ತೋ ಕ್ಲೋಸ್ ಆಗಿತ್ತು.

"ರಕ್ತ ತೆಗೆದರೆ ಆಗಲ್ವಾ?" ಅಂತ ನಾನು ಕೇಳಿದೆ.

"ಸೂಜಿ ಕಂಡ ಕೆಲವೇ ನಿಮಿಷದಲ್ಲಿ ಕಾರ್ಟಿಸಾಲ್ ಏರೋಕೆ ಶುರುವಾಗುತ್ತಲ್ಲ! ಅದಕ್ಕೇ ರಾಬರ್ಟ್ ಸಪೋಲ್ಸ್ಕಿ ಅನ್ನೋ ಅಮೆರಿಕದ ವಿಜ್ಞಾನಿ 1978ರಿಂದ ಕೀನ್ಯಾದ ಕಾಡಲ್ಲಿ ಕೊಳವೆ ಹಿಡಿದು ಅಲೆದ. ಮತ್ತಿನ ಸೂಜಿ ಊದಿ ಬಬೂನ್ ಕೋತಿಗಳನ್ನ ಮಲಗಿಸಿ ಬೇಗ ರಕ್ತ ತೆಗೆಯಬೇಕು. ಎಲ್ಲಕ್ಕೂ ದಿನದ ಒಂದೇ ಹೊತ್ತಲ್ಲಿ. ಆ ಕೋತಿ ಅವತ್ತು ಜಗಳ ಆಡಿರಬಾರದು, ಹೆಣ್ಣಿನ ಜೊತೆ ಕೂಡಿರಬಾರದು, ಕಾಯಿಲೆ ಬಿದ್ದಿರಬಾರದು, ಇವನು ಊದೋದನ್ನ ನೋಡಿರಲೂ ಬಾರದು."

"ಇಷ್ಟು ಮರ್ಯಾದೆ ನನಗೆ ಯಾವ ಲ್ಯಾಬಲ್ಲೂ ಸಿಕ್ಕಿಲ್ಲ," ಎಂದ ಗಿರಿ.

ಗೊತ್ತಾಗಿದ್ದು ಇಷ್ಟು: ಗುಂಪಿನಲ್ಲಿ ಯಾರು ಮೇಲು ಯಾರು ಕೆಳಗೆ ಅನ್ನೋದು ಗಟ್ಟಿಯಾಗಿದ್ದಾಗ, ಕೆಳಗಿನ ಗಂಡುಗಳಿಗೆ ಸುಮ್ಮನೆ ಕೂತಿದ್ದರೂ ಕಾರ್ಟಿಸಾಲ್ ಜಾಸ್ತಿ, ಒಳ್ಳೆ ಕೊಲೆಸ್ಟ್ರಾಲ್ ಕಡಿಮೆ. ನಿಜವಾದ ಅಪಾಯ ಬಂದಾಗ ಮಾತ್ರ ಅದೇ ಹಾರ್ಮೋನು ಆಮೆ ಥರ ಏರುತ್ತೆ.

"ಹಂಗಾದ್ರೆ ಬಾಸ್ ಆಗಿಬಿಡೋದೇ ವಾಸಿ," ಅಂತ ಸೀನ ಎದೆಯುಬ್ಬಿಸಿದ.

"ಅದೂ ಬೇಡ ಕಣೋ. ಅದೇ ಕೀನ್ಯಾದ ಅಂಬೋಸೆಲಿಯಲ್ಲಿ ಇನ್ನೊಂದು ತಂಡ ಸೂಜಿಯ ಗೋಜೇ ಬೇಡ ಅಂತ 125 ಗಂಡು ಬಬೂನ್‌ಗಳ ಲದ್ದಿ ಹೆಕ್ಕಿ ಹಾರ್ಮೋನು ಅಳೆಯಿತು. 2011ರಲ್ಲಿ ಬಂದ ವರದಿ. ಎಲ್ಲರಿಗಿಂತ ಮೇಲಿನವನಿಗೂ ತೀರಾ ಕೆಳಗಿನವನಷ್ಟೇ ಸ್ಟ್ರೆಸ್. ಹೆಣ್ಣುಗಳನ್ನ ಕಾಯಬೇಕು, ಕುರ್ಚಿಗೆ ಬಂದವರ ಜೊತೆ ಹೊಡೆದಾಡಬೇಕು. ಆರಾಮಾಗಿ ಇದ್ದವನು ಎರಡನೇ ನಂಬರಿನವನು."

ಎರಡನೇ ನಂಬರಿಗೆ ನಮ್ಮಲ್ಲಿ ಆಗಲೇ ಜಗಳ ಶುರುವಾಯಿತು. ಒಂದನೇ ನಂಬರನ್ನು ಕೇಳುವವರೇ ಇಲ್ಲ.

"ಕೋತಿ ಕತೆ ಆಯ್ತು, ಮನುಷ್ಯರದ್ದು ಹೇಳೇ," ಎಂದ ಗಿರಿ. ಕೇಳಬಾರದಿತ್ತು.

ಲಂಡನ್ನಿನಲ್ಲಿ ವೈಟ್‌ಹಾಲ್ ಅಂತ ಸರ್ಕಾರಿ ಕಚೇರಿಗಳ ಬೀದಿ. 1967ರಲ್ಲಿ ಅಲ್ಲಿನ ಸುಮಾರು 18,000 ಗಂಡು ನೌಕರರ ಆರೋಗ್ಯ ನೋಡೋಕೆ ಶುರು ಮಾಡಿದರು. ಎಲ್ಲರಿಗೂ ಖಾಯಂ ಕೆಲಸ, ಸರ್ಕಾರಿ ಆಸ್ಪತ್ರೆ ಪುಕ್ಕಟೆ. ಆದರೂ ಹೃದಯದ ಕಾಯಿಲೆಯಿಂದ ಸತ್ತವರು ತೀರಾ ಕೆಳಗಿನ ದರ್ಜೆಯಲ್ಲಿ, ಎಲ್ಲಕ್ಕಿಂತ ಮೇಲಿನ ದರ್ಜೆಯ ಮೂರು ಪಟ್ಟಿಗೂ ಜಾಸ್ತಿ. ಬೀಡಿ ಸಿಗರೇಟು, ಬಿಪಿ ಎಲ್ಲಾ ಸೇರಿಸಿದರೂ ಪೂರ್ತಿ ಕಾರಣ ಸಿಗಲಿಲ್ಲ. 1985ರಲ್ಲಿ ಹೆಂಗಸರನ್ನೂ ಸೇರಿಸಿ ಮತ್ತೆ ಶುರು ಮಾಡಿದಾಗ ಒಂದು ಎಳೆ ಸಿಕ್ಕಿತು: ತನ್ನ ಕೆಲಸದ ಮೇಲೆ ತನಗೇ ಹಿಡಿತ ಇಲ್ಲದವರಿಗೆ ಹೃದಯದ ತೊಂದರೆ ಜಾಸ್ತಿ.

ಗಿರಿ ಎಸ್‌ಡಿಎ. ಮುಖ ಸಪ್ಪಗಾಯಿತು. "ಕರೆಕ್ಟು. ನಮ್ಮಲ್ಲಿ ಫೈಲು ಕೆಳಗಿಂದ ಮೇಲೆ ಹೋಗುತ್ತೆ, ಬೈಗುಳ ಮೇಲಿಂದ ಕೆಳಗೆ ಬರುತ್ತೆ. ಬೈಗುಳ ಮಾತ್ರ ಅವತ್ತೇ ತಲುಪುತ್ತೆ."

"ಬಬೂನ್‌ಗಳೂ ಹಾಗೇ. ಸೋತವನು ತನಗಿಂತ ಸಣ್ಣವನನ್ನ ಅಟ್ಟಿಸಿಕೊಂಡು ಹೋಗಿ ಸಿಟ್ಟು ತೀರಿಸಿಕೊಳ್ಳುತ್ತೆ. ಹಾಗೆ ಮಾಡೋ ಕೋತಿಗೆ ಕಾರ್ಟಿಸಾಲ್ ಕಮ್ಮಿ ಇರುತ್ತಂತೆ."

"ನಾನು ಯಾರನ್ನ ಅಟ್ಟಿಸ್ಕೊಂಡು ಹೋಗ್ಲಿ? ನನ್ನ ಕೆಳಗಿರೋದು ಕಾಲು ಮುರಿದ ಕುರ್ಚಿ ಒಂದೇ."

ಅವನನ್ನು ಸಮಾಧಾನ ಮಾಡೋಕೆ ಪದ್ಮ ಒಳ್ಳೆ ಸುದ್ದಿಯನ್ನೂ ಹೇಳಿದಳು. ಸಪೋಲ್ಸ್ಕಿ ನೋಡುತ್ತಿದ್ದ ಒಂದು ಗುಂಪಿನ ಜಗಳಗಂಟ ಗಂಡುಗಳೆಲ್ಲ 1980ರ ದಶಕದಲ್ಲಿ ಟೂರಿಸ್ಟ್ ಲಾಡ್ಜಿನ ಕಸದ ಗುಂಡಿಗೆ ನುಗ್ಗಿ, ಕ್ಷಯ ಅಂಟಿದ ಮಾಂಸ ತಿಂದು ಸತ್ತುಹೋದವು. ಉಳಿದವು ಸಾಧು ಪ್ರಾಣಿಗಳು. ಆಮೇಲೆ ಗುಂಪೇ ತಣ್ಣಗಾಯಿತು, ಒಬ್ಬರಿಗೊಬ್ಬರು ಹೇನು ಹೆಕ್ಕುತ್ತಾ ಕೂತವು, ಕೆಳಗಿನವರ ಸ್ಟ್ರೆಸ್ಸೂ ಇಳಿಯಿತು. ವರ್ಷಗಳ ಮೇಲೆ ಹೊರಗಿಂದ ಬಂದ ಗಂಡುಗಳೂ ಅದೇ ನಡತೆ ಕಲಿತವು.

ಗಿರಿ ಬಹಳ ಹೊತ್ತು ಯೋಚಿಸಿದ. "ನಮ್ಮಲ್ಲಿ ಆಗಲ್ಲ ಕಣೇ. ನಮ್ಮ ಸಾಹೇಬರು ಹದಿನೈದು ವರ್ಷದಿಂದ ಆಫೀಸ್ ಕ್ಯಾಂಟೀನಲ್ಲೇ ತಿಂತಾ ಇದ್ದಾರೆ, ಒಂದು ನೆಗಡಿನೂ ಬಂದಿಲ್ಲ."